ಗಡಿಗೆಯಿಂದ ಪೀಪಾಯಿಗೆ: ಬಾರ್ಕೂರು ಸೀಮೆಯ ಕಳ್ಳು, ಭಟ್ಟಿ ಮತ್ತು ಅಬಕಾರಿ

ಸೀತಾನದಿಯ ದಡದ ಬಾರ್ಕೂರು ಇತಿಹಾಸದ ಗ್ರಂಥಗಳಲ್ಲಿ ಆಳುಪರ ರಾಜಧಾನಿಯಾಗಿ, ವಿಜಯನಗರದ ಕಾಲದ ಬಾರ್ಕೂರು ರಾಜ್ಯದ ಆಡಳಿತ ಕೇಂದ್ರವಾಗಿ, ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿಗಳೆಂದು ಹಂಚಿಹೋದ ವರ್ತಕರ ಪಟ್ಟಣವಾಗಿ ಕಾಣಿಸಿಕೊಳ್ಳುತ್ತದೆ. ಅದರ ಶಾಸನಗಳನ್ನೂ ಬಸದಿ-ದೇವಾಲಯಗಳನ್ನೂ ಅಳಿಯಸಂತಾನದ ಮೂಲವನ್ನು ಹೇಳುವ ಭೂತಾಳಪಾಂಡ್ಯನ ಐತಿಹ್ಯವನ್ನೂ ಕುರಿತು ಬರೆದವರು ಹಲವರಿದ್ದಾರೆ. ಆದರೆ ಈ ಸೀಮೆಯ ತೆಂಗು ಮತ್ತು ತಾಳೆಯ ಮರಗಳ ತುದಿಯಲ್ಲಿ ಪ್ರತಿದಿನ ಬೆಳಿಗ್ಗೆ ಸಂಜೆ ನಡೆಯುತ್ತಿದ್ದ ಉದ್ಯಮಕ್ಕೆ, ಎಂದರೆ ಕಳ್ಳು ಇಳಿಸುವ, ಅದನ್ನು ಹುಳಿಬರಿಸುವ, ಮಿಕ್ಕದ್ದನ್ನು ಭಟ್ಟಿಗೆ ಹಾಕುವ ಕೆಲಸಕ್ಕೆ, ಅಂಥ ಬರಹಗಳಲ್ಲಿ ದೊರೆತ ಜಾಗ ಬಹಳ ಚಿಕ್ಕದು. ದೊರೆತಲ್ಲೆಲ್ಲ ಅದು ಒಂದೋ ಜಾತಿಯ ಕಸುಬಿನ ವಿವರವಾಗಿ, ಇಲ್ಲವೇ ಕುಡಿತದ ವಿರುದ್ಧದ ಚಳವಳಿಯ ಹಿನ್ನೆಲೆಯಾಗಿ ಬರುತ್ತದೆ. ಒಂದು ಸಲಕ್ಕೆ ಎಷ್ಟು ರಸವನ್ನು ಹುಳಿಬರಿಸಬಹುದು, ಆ ಪ್ರಮಾಣವನ್ನು ಯಾರು ನಿರ್ಧರಿಸಿದರು, ಅದು ಯಾವಾಗ ಏಕೆ ದೊಡ್ಡದಾಯಿತು ಎಂಬ ಪ್ರಶ್ನೆಗಳನ್ನು ಹಿಡಿದು ನೋಡಿದರೆ ಈ ಕಸುಬಿನ ಚರಿತ್ರೆ ಬೇರೆಯೇ ದಾರಿಯಲ್ಲಿ ತೆರೆದುಕೊಳ್ಳುತ್ತದೆ.

1342ರ ಸುಮಾರಿಗೆ ಈ ಕರಾವಳಿಯಲ್ಲಿ ಹಾದುಹೋದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಬಾರ್ಕೂರನ್ನು ‘ಫಾಕನೂರ್’ ಎಂದು ಕರೆದು, ಅಲ್ಲಿಯ ಕಬ್ಬಿಗೆ ಆ ನಾಡಿನಲ್ಲೇ ಸಾಟಿಯಿಲ್ಲವೆಂದು ಬರೆದಿದ್ದಾನೆ. ಕಬ್ಬು ಇಷ್ಟು ಚೆನ್ನಾಗಿ ಬೆಳೆಯುತ್ತಿದ್ದ ಊರಿನಲ್ಲಿ ಕಬ್ಬಿನ ರಸದಿಂದಲೋ ಬೆಲ್ಲದಿಂದಲೋ ಮದ್ಯ ಮಾಡುವುದು ಕಷ್ಟವೇನಲ್ಲ. ಹಾಗೆ ಮಾಡುವ ಬಗೆ ಭಾರತದಲ್ಲಿ ಬಹಳ ಹಿಂದಿನಿಂದಲೂ ತಿಳಿದಿತ್ತು. ಹಾಗಿದ್ದರೂ ಕರಾವಳಿಯ ಜನಸಾಮಾನ್ಯರ ಪಾನೀಯ ಮರದಿಂದಲೇ ಬಂತು. ಕಬ್ಬಿಗೆ ನೀರಿರುವ ಗದ್ದೆ ಬೇಕು, ಗಾಣ ಬೇಕು, ಎತ್ತು ಬೇಕು, ಬೆಲ್ಲ ಕಾಯಿಸುವ ಕೊಪ್ಪರಿಗೆ ಬೇಕು, ಹೀಗೆ ತಯಾರಾದ ಬೆಲ್ಲ ವ್ಯಾಪಾರದ ಸರಕು. ತೆಂಗಿನ ಮರವಾದರೋ ಹಿತ್ತಲಲ್ಲೂ, ಸೀತಾ ಮತ್ತು ಸ್ವರ್ಣಾ ನದಿಗಳು ಹಂಗಾರಕಟ್ಟೆಯ ಬಳಿ ಕಡಲಿಗೆ ಸೇರುವಲ್ಲಿಯ ಕುದ್ರುಗಳಲ್ಲೂ, ಎಂದರೆ ಹೊಳೆನಡುವಿನ ದಿಬ್ಬಗಳಲ್ಲೂ, ತಾನಾಗಿ ನಿಂತಿರುತ್ತಿತ್ತು. ಅದರ ಹೊಂಬಾಳೆಯಿಂದ ಇಳಿಯುವ ರಸವನ್ನು ಹಿಂಡಬೇಕಾಗಿಲ್ಲ, ಕುದಿಸಬೇಕಾಗಿಲ್ಲ, ಹುಳಿಬರಿಸುವುದಕ್ಕೆ ಏನನ್ನೂ ಬೆರೆಸಬೇಕಾಗಿಲ್ಲ.

ಈ ಕಸುಬಿಗೆ ಕರಾವಳಿಯಲ್ಲಿ ಮೂರ್ತೆ ಅಥವಾ ಮೂರ್ತೆದಾರಿಕೆ ಎಂದು ಹೆಸರು. ಅದನ್ನು ಮುಖ್ಯವಾಗಿ ಮಾಡಿದವರು ಬಿಲ್ಲವರು; ಪೂಜಾರಿ ಎಂಬುದು ಅವರಲ್ಲಿ ಬಹಳ ಬಳಕೆಯ ಹೆಸರು, ಬಡಗು ಭಾಗದಲ್ಲಿ ಹಳೆಪೈಕರೆಂದೂ ಘಟ್ಟದ ಮೇಲೆ ಈಡಿಗರೆಂದೂ ಕರೆಸಿಕೊಳ್ಳುವ ಸಮುದಾಯಗಳು ಇದೇ ಕಸುಬಿಗೆ ಸೇರಿದವು. ಮೈಸೂರು, ಕೆನರಾ ಮತ್ತು ಮಲಬಾರಿನ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ 1801ರ ಆರಂಭದಲ್ಲಿ ಈ ಸೀಮೆಯನ್ನು ಹಾದು ಹೋದಾಗಲೂ ಅವರ ಕಸುಬನ್ನು ಗುರುತಿಸಿದ್ದಾನೆ. ಮರ ಹತ್ತುವವನು ಇನ್ನೂ ಬಿರಿಯದ ಹೊಂಬಾಳೆಯನ್ನು ಆರಿಸಿ, ಅದು ಬಿರಿಯದಂತೆ ಹುರಿಯಿಂದ ಬಿಗಿದು, ಹಲವು ದಿನ ಅದನ್ನು ಎಲುಬಿನ ಇಲ್ಲವೆ ಮರದ ತುಂಡಿನಿಂದ ಹದವಾಗಿ ಬಡಿದು, ತುದಿಯನ್ನು ತೆಳ್ಳಗೆ ಕೆತ್ತಿ, ರಸ ಒಸರಲು ತೊಡಗಿದ ಮೇಲೆ ಮಣ್ಣಿನ ಗಡಿಗೆಯನ್ನು ಕಟ್ಟುತ್ತಾನೆ. ಅನಂತರ ದಿನಕ್ಕೆ ಎರಡು ಇಲ್ಲವೆ ಮೂರು ಬಾರಿ ಹತ್ತಿ, ಕೆತ್ತಿದ ಗಾಯ ಒಣಗದಂತೆ ಮತ್ತೆ ಮತ್ತೆ ಹೊಸದಾಗಿ ಸವರಬೇಕು. ಬಡಿತ ಹೆಚ್ಚಾದರೆ ಹೊಂಬಾಳೆ ಕೊಳೆಯುತ್ತದೆ, ಕಡಿಮೆಯಾದರೆ ರಸ ಬರುವುದಿಲ್ಲ. ಆದುದರಿಂದ ಕಸುಬಿನ ನಿಜವಾದ ಜಾಣ್ಮೆ ಇದ್ದದ್ದು ಭಟ್ಟಿಯಲ್ಲಿ ಅಲ್ಲವೇ ಅಲ್ಲ, ಮರದ ತುದಿಯ ಈ ಕೈಗೆಲಸದಲ್ಲಿ ಎಂದೇ ಹೇಳಬೇಕು.

ಮರದಿಂದ ಒಸರುವ ರಸದಲ್ಲಿ ನೂರಕ್ಕೆ 12ರಿಂದ 15ರಷ್ಟು ಸಕ್ಕರೆಯಿರುತ್ತದೆ. ಗಾಳಿಯಲ್ಲಿಯೂ ಹೊಂಬಾಳೆಯ ಮೇಲೂ ಇರುವ ಯೀಸ್ಟ್, ಎಂದರೆ ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲದ ಡೈಆಕ್ಸೈಡನ್ನಾಗಿಯೂ ಒಡೆಯುವ ಏಕಕೋಶದ ಶಿಲೀಂಧ್ರ, ಮತ್ತು ಅದೇ ಕೆಲಸವನ್ನು ಇನ್ನೂ ಬೇಗ ಮಾಡುವ ಕೆಲವು ಬ್ಯಾಕ್ಟೀರಿಯಾಗಳು ರಸ ಗಡಿಗೆಗೆ ತೊಟ್ಟಿಕ್ಕುವಾಗಲೇ ಅದರಲ್ಲಿ ಬೆಳೆಯತೊಡಗುತ್ತವೆ. ಗಡಿಗೆಯನ್ನು ಪೂರ್ತಿ ತೊಳೆಯದೆ ಬಳಸುವ ರೂಢಿಯಿಂದ ಹಿಂದಿನ ದಿನದ ಗಸಿ ಮಣ್ಣಿನ ಸಣ್ಣ ರಂಧ್ರಗಳಲ್ಲಿ ಉಳಿದು, ಮರುದಿನದ ರಸಕ್ಕೆ ಹೆಪ್ಪಿನಂತೆ ಕೆಲಸ ಮಾಡುತ್ತಿತ್ತು. ಬೆಳಗಿನ ಕಳ್ಳು ಹೊತ್ತು ಏರುವಷ್ಟರಲ್ಲಿ ನೊರೆಯೆದ್ದು, ಅದೇ ದಿನದೊಳಗೆ ನೂರಕ್ಕೆ ನಾಲ್ಕರಿಂದ ಆರರಷ್ಟು ಮದ್ಯಸಾರ ಪಡೆಯುತ್ತದೆ. ಒಂದು ದಿನ ಕಳೆದರೆ ಮತ್ತೊಂದು ಬಗೆಯ ಬ್ಯಾಕ್ಟೀರಿಯಾಗಳು ಆ ಮದ್ಯಸಾರವನ್ನೇ ಹುಳಿಯಾಗಿಸತೊಡಗುತ್ತವೆ. ಕುಡಿಯುವ ಕಳ್ಳಿನ ಆಯುಸ್ಸು ಹೀಗೆ ಒಂದು ಹಗಲಿನಷ್ಟು.

ಆಯುಸ್ಸು ಇಷ್ಟು ಕಿರಿದಾದ ಪದಾರ್ಥವನ್ನು ಏನು ಮಾಡಬೇಕೆಂಬುದಕ್ಕೆ ಕರಾವಳಿ ಹಲವು ಉತ್ತರಗಳನ್ನು ಕಂಡುಕೊಂಡಿತ್ತು. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ಯೀಸ್ಟ್ ಬೆಳೆಯಲಾರದು, ರಸ ಸಿಹಿಯಾಗಿಯೇ ಉಳಿಯುತ್ತದೆ. ಅದನ್ನು ಕಾಯಿಸಿ ಎರೆದದ್ದೇ ಓಲೆಬೆಲ್ಲ. ಹುಳಿಯಾಗುತ್ತಿರುವ ಕಳ್ಳನ್ನು ಅಕ್ಕಿಹಿಟ್ಟಿಗೆ ಬೆರೆಸಿ ಉಬ್ಬಿಸಿದರೆ ಕೊಂಕಣಿ ಕ್ರೈಸ್ತರ ಮನೆಗಳ ಸನ್ನವಾಗುತ್ತದೆ. ಪೂರ್ತಿ ಹುಳಿತದ್ದು ಅಡುಗೆಯ ವಿನಿಗರ್ ಆಗಿ ಉಪ್ಪಿನಕಾಯಿಗೂ ಮಾಂಸದ ಅಡುಗೆಗೂ ಸಲ್ಲುತ್ತದೆ. ಭೂತಾರಾಧನೆಯಲ್ಲಿ ಕೆಲವು ದೈವಗಳಿಗೆ ಕಳ್ಳನ್ನು ಒಪ್ಪಿಸುವ ಪದ್ಧತಿಯೂ ಇತ್ತು. ಇವೆಲ್ಲ ಆದ ಮೇಲೂ ಮಿಕ್ಕದ್ದನ್ನು ಕೆಡದಂತೆ ಇಡುವ ಉಪಾಯವೆಂದರೆ ಭಟ್ಟಿ. ಮನೆಮಟ್ಟದ ಭಟ್ಟಿ ಇಳಿಸುವಿಕೆ ಕಳ್ಳಿನ ಉದ್ಯಮದ ಗುರಿಯಾಗಿರದೆ ಅದರ ಶೇಷವನ್ನು ಉಳಿಸಿಕೊಳ್ಳುವ ದಾರಿಯಾಗಿತ್ತೆಂಬುದನ್ನು ಗಮನಿಸದೆ ಹೋದರೆ, ಮುಂದೆ ಬಂದ ಅಬಕಾರಿ ಕಾನೂನು ಏನನ್ನು ಬದಲಿಸಿತೆಂಬುದು ತಿಳಿಯುವುದಿಲ್ಲ.

ಒಂದು ಸಲಕ್ಕೆ ಬೇಯಿಸುವ ಅಥವಾ ಇಳಿಸುವ ಪಾಲಿಗೆ ಕನ್ನಡದಲ್ಲಿ ಒಬ್ಬೆ ಎಂಬ ಮಾತಿದೆ. ಕಳ್ಳಿನ ಭಟ್ಟಿಯ ಒಬ್ಬೆ ಎಷ್ಟು ದೊಡ್ಡದಾಗಬಹುದೆಂಬುದನ್ನು ಮರಗಳೇ ಹೇಳುತ್ತಿದ್ದವು. ಒಂದು ತೆಂಗಿನ ಮರ ದಿನಕ್ಕೆ ಒಂದೆರಡು ಲೀಟರು ರಸ ಕೊಟ್ಟರೆ, ಒಬ್ಬ ಮೂರ್ತೆದಾರ ದಿನಕ್ಕೆ ಎರಡು ಮೂರು ಬಾರಿ ಹತ್ತಿ ಇಳಿಯಬಲ್ಲ ಮರಗಳು ಕೈಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು. ನೂರಕ್ಕೆ ಐದರಷ್ಟು ಮದ್ಯಸಾರವಿರುವ 100 ಲೀಟರು ಕಳ್ಳಿನಲ್ಲಿರುವ ಮದ್ಯಸಾರ 5 ಲೀಟರು ಮಾತ್ರ. ಅದರಲ್ಲಿ ಏನೂ ನಷ್ಟವಾಗದಿದ್ದರೂ ನೂರಕ್ಕೆ 40ರ ಸಾರಾಯಿ ಹನ್ನೆರಡೂವರೆ ಲೀಟರಿಗಿಂತ ಹೆಚ್ಚು ದೊರೆಯದು. ನೂರು ಲೀಟರು ಕಳ್ಳನ್ನು ಒಂದೇ ದಿನ ಒಂದೆಡೆ ಕೂಡಿಸಲು ಹಲವು ಮೂರ್ತೆದಾರರು ಜೊತೆಯಾಗಬೇಕು. ನಿನ್ನೆಯದನ್ನು ಇಂದಿನದಕ್ಕೆ ಸೇರಿಸಿ ಪ್ರಮಾಣ ಬೆಳೆಸೋಣವೆಂದರೆ ನಿನ್ನೆಯದು ಆಗಲೇ ಹುಳಿಯ ಕಡೆ ಸಾಗಿರುತ್ತದೆ. ಆದುದರಿಂದ ಭಟ್ಟಿಯ ಪಾತ್ರೆಯೂ ಅಡುಗೆಮನೆಯ ಹಂಡೆಯ ಅಳತೆಯನ್ನು ಹೆಚ್ಚು ಮೀರಲಿಲ್ಲ. ಒಲೆಯ ಮೇಲೆ ಕಳ್ಳಿನ ಮಡಕೆ, ಅದರ ಬಾಯಿಗೆ ಇನ್ನೊಂದು ಮಡಕೆ, ಮೇಲೆ ತಣ್ಣೀರಿನ ಪಾತ್ರೆ, ಆ ಪಾತ್ರೆಯ ತಳಕ್ಕೆ ತಾಗಿ ತಣಿದು ತೊಟ್ಟಿಕ್ಕುವ ಹನಿಗಳನ್ನು ಹಿಡಿಯಲು ಒಳಗೊಂದು ಬಟ್ಟಲು, ಕೀಲುಗಳಿಗೆ ಮೆತ್ತಿದ ಮಣ್ಣು: ಭಾರತದ ಹಲವೆಡೆ ಬಳಕೆಯಲ್ಲಿದ್ದ ಈ ಸರಳ ರಚನೆಯಲ್ಲಿ ಕುಂಬಾರನ ಕೆಲಸವೇ ಮುಖ್ಯವಾದುದು.

ಮರಗಳ ಮಿತಿಯ ಜೊತೆಗೆ ಶಾಖದ ಮಿತಿಯೂ ಇತ್ತು, ಅದು ಕಣ್ಣಿಗೆ ಕಾಣದ್ದು. ಸಕ್ಕರೆ ಮದ್ಯಸಾರವಾಗುವಾಗ ಬಿಸಿ ಹುಟ್ಟುತ್ತದೆ; ಲೀಟರಿಗೆ 150 ಗ್ರಾಮಿನಷ್ಟು ಸಕ್ಕರೆಯಿರುವ ರಸ ತನ್ನ ಬಿಸಿಯನ್ನು ಎಲ್ಲಿಗೂ ಬಿಟ್ಟುಕೊಡದೆ ಪೂರ್ತಿ ಹುದುಗಿತೆಂದರೆ ಅದರ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಸಣ್ಣ ಗಡಿಗೆಯಲ್ಲಿ ಈ ಬಿಸಿ ಗೋಡೆಯ ಮೂಲಕ ಹೊರಹೋಗುತ್ತದೆ, ಮಣ್ಣಿನ ಗಡಿಗೆಯಂತೆ ಬೆವರುವ ಮೈಯಿದ್ದರೆ ಇನ್ನೂ ಬೇಗ. ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಎರಡು ಪಟ್ಟು ಮಾಡಿದರೆ ಹಿಡಿಯುವ ರಸ ಎಂಟು ಪಟ್ಟಾಗುತ್ತದೆ, ಬಿಸಿಯನ್ನು ಹೊರಬಿಡುವ ಮೈ ಮಾತ್ರ ನಾಲ್ಕೇ ಪಟ್ಟಾಗುತ್ತದೆ. ಹೊರಗಿನ ಗಾಳಿಯೇ 30 ಡಿಗ್ರಿಯ ಆಸುಪಾಸಿನಲ್ಲಿರುವ ಕರಾವಳಿಯಲ್ಲಿ ದೊಡ್ಡ ಪಾತ್ರೆಯ ನಡುಭಾಗ ಬೇಗನೆ 38-40 ಡಿಗ್ರಿ ದಾಟಿ, ಯೀಸ್ಟ್ ಸೊರಗಿ, ಬಿಸಿಯನ್ನು ತಡೆಯಬಲ್ಲ ಹುಳಿ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಗಡಿಗೆ ಚಿಕ್ಕದಾಗಿದ್ದುದಕ್ಕೆ ಬಡತನವನ್ನೋ ತಂತ್ರಜ್ಞಾನದ ಕೊರತೆಯನ್ನೋ ಕಾರಣ ಮಾಡುವವರು ಈ ಲೆಕ್ಕವನ್ನು ಗಮನಿಸಿದಂತಿಲ್ಲ. ಯುರೋಪಿನಲ್ಲಿ ಹುದುಗುವಿಕೆ ಜೀವಿಗಳ ಕೆಲಸವೆಂದು ಲೂಯಿ ಪಾಶ್ಚರ್ ತೋರಿಸಿದ್ದು 1850ರ ದಶಕದ ಕೊನೆಯಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ ಒಂದೇ ತಳಿಯ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ್ದು 1883ರಲ್ಲಿ. ಆ ಬಳಿಕ ಒಂದು ಚಿಕ್ಕ ಸೀಸೆಯ ಯೀಸ್ಟನ್ನು ಹಂತಹಂತವಾಗಿ ದೊಡ್ಡ ಪಾತ್ರೆಗಳಿಗೆ ಬೆಳೆಸುತ್ತ, ಪೀಪಾಯಿಯ ಸುತ್ತ ತಣ್ಣೀರು ಹರಿಸಿ ಬಿಸಿಯನ್ನು ಹಿಡಿತದಲ್ಲಿಡುವ ಕ್ರಮ ಕಾರ್ಖಾನೆಗಳಲ್ಲಿ ನೆಲೆಗೊಂಡಿತು.

ಮರದ ಮಿತಿಯನ್ನು ದಾಟಿದ ಒಂದು ಪದಾರ್ಥ ಮಾತ್ರ ಈ ಸೀಮೆಗೆ ಹೊರಗಿನಿಂದ ಬಂತು. ಪೋರ್ಚುಗೀಸರು 16ನೆಯ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಗೇರು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮುರಕಲ್ಲಿನ ಗುಡ್ಡಗಳಲ್ಲಿ ಹಬ್ಬಿ, ಬೇಸಗೆಯ ಒಂದೆರಡು ತಿಂಗಳಲ್ಲಿ ರಾಶಿರಾಶಿ ಹಣ್ಣು ಕೊಡತೊಡಗಿತು. ಬೀಜಕ್ಕೆ ಬೆಲೆಯಿತ್ತು, ಹಣ್ಣಿಗೆ ಇರಲಿಲ್ಲ. ಬಿದ್ದ ಹಣ್ಣನ್ನು ತುಳಿದು ಹಿಂಡಿ ಪಾತ್ರೆಯಲ್ಲಿಟ್ಟರೆ ತಾನಾಗಿ ಹುದುಗುವ ಗೇರುಹಣ್ಣಿನ ಹುಳಿರಸವನ್ನು ಒಂದೇ ಸಲಕ್ಕೆ ಬಹಳಷ್ಟು ಕೂಡಿಸಬಹುದಿತ್ತು. ಇದೇ ಹಣ್ಣಿನಿಂದ ಗೋವೆಯಲ್ಲಿ ಮೊದಲ ಇಳಿತದ ಉರಾಕ್ ಮತ್ತು ಅದನ್ನು ಮರಳಿ ಇಳಿಸಿದ ಫೆನಿ ತಯಾರಾಗುತ್ತವೆ. ಅಲ್ಲಿ ಹಳ್ಳಿಯ ಸಣ್ಣ ಭಟ್ಟಿಗಳಿಗೆ ಪರವಾನಗಿ ಕೊಡುವ ಪದ್ಧತಿ ಉಳಿದುಬಂದು, 2009ರಲ್ಲಿ ಗೋವೆಯ ಗೇರು ಫೆನಿಗೆ ಭೌಗೋಳಿಕ ಗುರುತೂ ದೊರೆಯಿತು. ಕುಂದಾಪುರದ ಕಡೆಯ ಗೇರು ಸಾರಾಯಿಗಾದರೋ ಹುಳಿರಸ ವಶ, ಕೊಡಪಾನ ವಶ, ಆರೋಪಿ ಪರಾರಿ ಎಂಬ ಅಬಕಾರಿ ವರದಿಗಳ ಭಾಷೆಯಲ್ಲೇ ಹೆಸರು. ಎರಡು ಊರುಗಳ ಹಣ್ಣಿನಲ್ಲಾಗಲಿ ಕೈಕೆಲಸದಲ್ಲಾಗಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರ ಇರುವುದು ಸಣ್ಣ ಒಬ್ಬೆಯನ್ನು ಯಾವ ಸರಕಾರ ಹೇಗೆ ನೋಡಿತು ಎಂಬುದರಲ್ಲಿ.

1763ರಿಂದ 1799ರವರೆಗೆ ಮೈಸೂರಿನ ಹೈದರ್ ಮತ್ತು ಟೀಪುವಿನ ಕೈಕೆಳಗಿದ್ದು, ಅನಂತರ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ ಕೆನರಾ ಜಿಲ್ಲೆಯಲ್ಲಿ ಮದ್ಯದ ಆದಾಯವನ್ನು ವಸೂಲು ಮಾಡಿದ ಮೊದಲ ರೀತಿ ಗುತ್ತಿಗೆ. ಒಂದು ಪ್ರದೇಶದ ಕಳ್ಳು-ಸಾರಾಯಿಗಳ ಹಕ್ಕನ್ನು ಹೆಚ್ಚು ಹಣ ಕೂಗಿದವನಿಗೆ ವಹಿಸಿಕೊಟ್ಟು, ಮೂರ್ತೆದಾರರಿಂದ ಹೇಗೆ ವಸೂಲು ಮಾಡುವುದೆಂಬುದನ್ನು ಅವನಿಗೇ ಬಿಡುವ ಈ ಕ್ರಮದಲ್ಲಿ ಸರಕಾರಕ್ಕೆ ಗಡಿಗೆಯ ಗೊಡವೆ ಇರಲಿಲ್ಲ. ಮದರಾಸು ಅಬಕಾರಿ ಕಾಯಿದೆ 1886ರಲ್ಲಿ ಜಾರಿಗೆ ಬಂದ ಮೇಲೆ ಪರಿಸ್ಥಿತಿ ಬೇರೆಯಾಯಿತು. ಮರ ಕೆತ್ತುವುದು, ಕಳ್ಳು ಸಾಗಿಸುವುದು, ಮಾರುವುದು, ಭಟ್ಟಿಯ ಸಲಕರಣೆ ಇಟ್ಟುಕೊಳ್ಳುವುದು, ಹೀಗೆ ಪ್ರತಿಯೊಂದು ಹಂತಕ್ಕೂ ಪರವಾನಗಿ ಬೇಕಾಯಿತು, ಕಳ್ಳಿನ ಮೇಲೆ ಮರತೆರಿಗೆ ಬಂತು. ಮರತೆರಿಗೆಯೆಂದರೆ ಕೆತ್ತುವ ಪ್ರತಿಯೊಂದು ಮರಕ್ಕೂ ಗುರುತು ಹಾಕಿ, ಮರದ ಲೆಕ್ಕದಲ್ಲಿ ಹಣ ಕಟ್ಟಿಸಿಕೊಳ್ಳುವ ಪದ್ಧತಿ. ಸುಣ್ಣ ಬಳಿದ ಗಡಿಗೆಯ ಸಿಹಿರಸವನ್ನು ಕಳ್ಳಿನಿಂದ ಬೇರೆಯಾಗಿ ಕಾಣುವ ನಿಯಮಗಳೂ ಇದ್ದುದರಿಂದ, ಗಡಿಗೆಯೊಳಗಿನ ಬಿಳಿ ಬಳಿತ ಓಲೆಬೆಲ್ಲದವನಿಗೂ ಅಪರಾಧಿಗೂ ನಡುವಿನ ಗೆರೆಯಾಯಿತು.

ಕಳ್ಳನ್ನು ಅಳೆಯಲಾಗದ ಸರಕಾರ ಮರವನ್ನು ಎಣಿಸಿತೆಂಬುದು ಈ ವ್ಯವಸ್ಥೆಯ ಒಳಗುಟ್ಟು. ಗಂಟೆಗೊಮ್ಮೆ ಬದಲಾಗುವ ರಸದ ಬಲವನ್ನು ಯಾವ ಅಧಿಕಾರಿಯೂ ದಾಖಲಿಸಲಾರ. ಮರವಾದರೋ ಒಂದೆಡೆ ನಿಂತಿರುತ್ತದೆ. ಸಾರಾಯಿಯನ್ನು ಮಾತ್ರ ಬಲದ ಪ್ರಕಾರ ನಿಖರವಾಗಿ ಅಳೆಯಬಹುದಿತ್ತು. ಬ್ರಿಟಿಷ್ ಸುಂಕದವರು ಬಳಸುತ್ತಿದ್ದ ಸೈಕ್ಸ್ ಹೈಡ್ರೋಮೀಟರ್ ಎಂಬ ತೇಲುಮಾಪಕವನ್ನು ಸಾರಾಯಿಯಲ್ಲಿ ತೇಲಿಬಿಟ್ಟು, ನೂರಕ್ಕೆ ಸುಮಾರು 57ರಷ್ಟು ಮದ್ಯಸಾರವಿರುವ ‘ಪ್ರೂಫ್’ ದ್ರವಕ್ಕಿಂತ ಅದು ಎಷ್ಟು ಕೆಳಗಿದೆಯೆಂದು ನೋಡಿ, ಗ್ಯಾಲನ್ನಿಗೆ ಇಂತಿಷ್ಟೆಂದು ಸುಂಕ ಹಾಕುವುದು ಸಾಧ್ಯವಾಯಿತು; ಪ್ರೂಫಿಗಿಂತ 30 ಡಿಗ್ರಿ ಕೆಳಗಿನ ಸಾರಾಯಿಯೆಂದರೆ ನೂರಕ್ಕೆ 40ರಷ್ಟು ಬಲದ್ದು. ಆದರೆ ಹಿತ್ತಲಿಗೊಂದರಂತೆ ಹರಡಿದ ಮಡಕೆಗಳ ಬಳಿ ಹೈಡ್ರೋಮೀಟರ್ ಹಿಡಿದು ನಿಲ್ಲಲು ಎಷ್ಟು ನೌಕರರಿದ್ದರೂ ಸಾಲದು. ಆದುದರಿಂದ ಭಟ್ಟಿಗಳನ್ನು ಕಡಿಮೆ ಮಾಡಿ, ಉಳಿದವನ್ನು ದೊಡ್ಡದಾಗಿಸಿ, ಬೀಗಮುದ್ರೆಯ ಆವರಣದೊಳಗೆ ತರುವ ಧೋರಣೆ ಮದರಾಸು ಪ್ರಾಂತದಲ್ಲಿ ಬಲವಾಯಿತು. ನೆಲ್ಲಿಕುಪ್ಪಂನಲ್ಲಿ ಪ್ಯಾರಿ ಕಂಪನಿ ನಡೆಸಿದಂಥ, ಸಕ್ಕರೆಯ ಜೊತೆಗೆ ಮದ್ಯಸಾರವನ್ನೂ ತಯಾರಿಸುವ ಕಾರ್ಖಾನೆಗಳು ಅದರ ಮಾದರಿಗಳಾದವು. ಹುದುಗುವಿಕೆಯ ಪ್ರಮಾಣ ಗಡಿಗೆಯಿಂದ ಪೀಪಾಯಿಗೆ ಏರಿದ್ದಕ್ಕೆ ಹ್ಯಾನ್ಸೆನ್ನನ ಯೀಸ್ಟು ದಾರಿ ಮಾಡಿತು, ನಿಜ. ಆದರೆ ಈ ಪ್ರಾಂತದಲ್ಲಿ ಅದಕ್ಕೆ ಒತ್ತಾಸೆಯಾದದ್ದು ಸುಂಕದ ಪುಸ್ತಕ.

ಇಪ್ಪತ್ತನೆಯ ಶತಮಾನದಲ್ಲಿ ಕಸುಬಿನ ಮೇಲೆ ಒತ್ತಡ ಒಳಗಿನಿಂದಲೂ ಬಂತು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥ ದೇವಾಲಯವನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಕಳ್ಳು ತಯಾರಿಸುವುದನ್ನೂ ಮಾರುವುದನ್ನೂ ಕುಡಿಯುವುದನ್ನೂ ಬಿಡಬೇಕೆಂದು ಬೋಧಿಸಿದರು. ಬಿಲ್ಲವರಲ್ಲಿ ಓದಿದ ಹಲವರಿಗೆ ಮೂರ್ತೆ ಬಿಡಬೇಕಾದ ಕಸುಬಾಗಿ ಕಂಡಿತು, ಬೇರೆ ಕಸುಬಿಲ್ಲದವರಿಗೆ ಅದೇ ಅನ್ನವಾಗಿ ಉಳಿಯಿತು. ಗಾಂಧೀಯುಗದ ಪಾನನಿರೋಧ ಚಳವಳಿ ಒಳನಾಡಿನಲ್ಲಿ ಮರಗಳನ್ನೇ ಕಡಿಯುವ ರೂಪ ಪಡೆಯಿತು, 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲು ಮರಗಳನ್ನು ಉರುಳಿಸಿದ್ದು ಪ್ರಸಿದ್ಧ. ಕರಾವಳಿಯಲ್ಲಿ ಅಂಥ ಸತ್ಯಾಗ್ರಹ ನಡೆಯುವಂತಿರಲಿಲ್ಲ. ಕಳ್ಳು ಕೊಡುವ ಮರವೇ ಎಣ್ಣೆಯನ್ನೂ ಕಾಯನ್ನೂ ಮಾಡಿನ ಮಡಲನ್ನೂ ಕೊಡುವ ಮರ. ಮದರಾಸು ಪ್ರಾಂತದಲ್ಲಿ 1937ರಲ್ಲಿ ಸೇಲಂ ಜಿಲ್ಲೆಯಿಂದ ತೊಡಗಿದ ಪಾನನಿಷೇಧ 1948ರ ಹೊತ್ತಿಗೆ ಪ್ರಾಂತವಿಡೀ ಹಬ್ಬಿ, ದಕ್ಷಿಣ ಕನ್ನಡವೂ ಅದರೊಳಗೆ ಸೇರಿತು.

ಪಾನನಿಷೇಧದ ವರ್ಷಗಳು ಒಬ್ಬೆಯ ಸ್ವರೂಪವನ್ನೇ ಬದಲಿಸಿದವು. ಮರದ ತುದಿಗೆ ಕಟ್ಟಿದ ಗಡಿಗೆ ದೂರದಿಂದಲೇ ಕಾಣುತ್ತದೆ, ಆದರೆ ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಹಾಡಿಯ ಮಣ್ಣಿನೊಳಗೆ ಹೂತಿಟ್ಟ ಮಡಕೆ ಕಾಣುವುದಿಲ್ಲ. ಬೆಲ್ಲದ ಕೊಳೆ ಎಂದು ಅಬಕಾರಿ ದಾಖಲೆಗಳು ಕರೆಯುವ ಈ ದ್ರಾವಣಕ್ಕೆ ಮರದ ಮಿತಿಯಿಲ್ಲ, ದುಡ್ಡಿನ ಮಿತಿ ಮಾತ್ರ. ತಾಳೆ-ತೆಂಗಿನ ರಸದಲ್ಲಿ ಯೀಸ್ಟಿಗೆ ಬೇಕಾದ ಸಾರಜನಕ ತಕ್ಕಮಟ್ಟಿಗೆ ಸಹಜವಾಗಿಯೇ ಇರುತ್ತದೆ. ಬೆಲ್ಲದ ನೀರಿನಲ್ಲಿ ಅದು ಸಾಲದಾಗಿ ಹುದುಗುವಿಕೆ ನಡುದಾರಿಯಲ್ಲಿ ಸೊರಗುವುದರಿಂದ, ನವಸಾಗರ, ಎಂದರೆ ಅಮೋನಿಯಂ ಕ್ಲೋರೈಡ್, ಬೆರೆಸುವ ರೂಢಿ ಕಳ್ಳಭಟ್ಟಿಯಲ್ಲಿ ಬಂತು. ಅವಸರ ಮತ್ತು ಅಡಗುವ ಅಗತ್ಯ ಸೇರಿದಲ್ಲಿ ಶುಚಿತ್ವಕ್ಕೆ ಜಾಗವಿರಲಿಲ್ಲ. ಆದರೂ ಕಳ್ಳಭಟ್ಟಿಯ ದೊಡ್ಡ ಸಾವುಗಳಿಗೆ ಹುದುಗುವಿಕೆಯನ್ನೇ ದೂರುವ ಮಾತು ಸರಿಯಲ್ಲ. ಕಳ್ಳು ಅಥವಾ ಬೆಲ್ಲ ಹುದುಗಿದಾಗ ಹುಟ್ಟುವ ಮೆಥನಾಲ್ ಅತ್ಯಲ್ಪ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತಂಥ ದುರಂತಗಳ ಹಿಂದೆ ಇರುವುದು ಕೈಗಾರಿಕೆಯ ಮೆಥನಾಲನ್ನು ಬೆರೆಸುವ ವ್ಯಾಪಾರ.

1956ರಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಅರುವತ್ತರ ದಶಕದ ಕೊನೆಗೆ ಪಾನನಿಷೇಧ ತೆರವಾಯಿತು, 1965ರ ಅಬಕಾರಿ ಕಾಯಿದೆ ರಾಜ್ಯಕ್ಕೆಲ್ಲ ಒಂದೇ ಚೌಕಟ್ಟಾಯಿತು. ಆ ಬಳಿಕ ಅಂಗಡಿಗಳಲ್ಲಿ ಸಿಕ್ಕಿದ ಸಾರಾಯಿಗೆ ಹಳೆಯ ಕಳ್ಳಿನ ಸಾರಾಯಿಯೊಡನೆ ಹೆಸರಿನ ನಂಟು ಮಾತ್ರ ಇತ್ತು. ಅದು ಸಕ್ಕರೆ ಕಾರ್ಖಾನೆಗಳ ಕಾಕಂಬಿಯನ್ನು, ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವನ್ನು, ಸಾವಿರಾರು ಲೀಟರಿನ ತೊಟ್ಟಿಗಳಲ್ಲಿ ಹುದುಗಿಸಿ ಇಳಿಸಿದ ಮದ್ಯಸಾರಕ್ಕೆ ನೀರು ಬೆರೆಸಿದ್ದು. ಆ ಸಾರಾಯಿಯೂ 2007ರ ಜುಲೈ 1ರಿಂದ ನಿಷೇಧಕ್ಕೊಳಗಾಯಿತು. ಬಾರ್ಕೂರಿಗೆ ಕೂಗಳತೆಯ ಬ್ರಹ್ಮಾವರದಲ್ಲಿ ಸ್ಥಾಪನೆಯಾದ ದಕ್ಷಿಣ ಕನ್ನಡ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬಿನ ಕೊರತೆಯಿಂದ ನಡೆಯಲಾರದೆ ಮುಚ್ಚಿಹೋದುದರಿಂದ, ಇಬ್ನ್ ಬತೂತ ಹೊಗಳಿದ ಬೆಳೆಯ ಸೀಮೆಯಲ್ಲಿ ಕಾಕಂಬಿಯ ಯುಗವೂ ನೆಲೆಗೊಳ್ಳಲಿಲ್ಲ.

ರಾಜ್ಯದ ಒಳನಾಡಿನಲ್ಲಿ ಈಚಲಿನ ಶೇಂದಿ ನಿಂತ ಮೇಲೂ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ತೆಂಗು-ತಾಳೆಯ ಕಳ್ಳು ಪರವಾನಗಿಯ ಮೇಲೆ ಮುಂದುವರಿಯಿತು. ಮೂರ್ತೆದಾರರ ಸಹಕಾರಿ ಸಂಘಗಳು ಹಲವು ಊರುಗಳಲ್ಲಿ ಬೇರುಬಿಟ್ಟಿವೆ, ಅವುಗಳಲ್ಲಿ ಕೆಲವಕ್ಕೆ ಈಗ ಕಳ್ಳಿಗಿಂತ ಸಾಲ-ಠೇವಣಿಯ ವ್ಯವಹಾರವೇ ದೊಡ್ಡದು. ಮರ ಹತ್ತುವವರು ಕಡಿಮೆಯಾದುದರಿಂದ ಗಡಿಗೆಗಳ ಸಂಖ್ಯೆಯೂ ಇಳಿದಿದೆ. ಈ ನಡುವೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಹೊಂಬಾಳೆಗೆ ಗಡಿಗೆಯ ಬದಲು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಕಟ್ಟಿ, ಯೀಸ್ಟ್ ಬೆಳೆಯದಷ್ಟು ತಣ್ಣಗೆ ರಸವನ್ನು ಹಿಡಿಯುವ ಕ್ರಮವನ್ನು ರೂಪಿಸಿ, ಹಾಗೆ ಪಡೆದ ರಸಕ್ಕೆ ಕಲ್ಪರಸವೆಂದು ಹೆಸರಿಟ್ಟಿತು. ಕುಂದಾಪುರದ ಕಡೆಯ ತೆಂಗು ಬೆಳೆಗಾರರೂ ಅದನ್ನು ಕೈಗೆತ್ತಿಕೊಂಡಿದ್ದಾರೆ. ಹುದುಗದ ಈ ರಸವನ್ನು ಹಲವು ತೋಟಗಳಿಂದ ಒಂದೆಡೆಗೆ ತಂದು, ಎಷ್ಟು ದೊಡ್ಡ ಪಾತ್ರೆಗಾದರೂ ಸುರಿದು, ಶೀತಲ ಕೋಣೆಯಲ್ಲಿ ದಿನಗಟ್ಟಲೆ ಇಡಬಹುದು, ಸಕ್ಕರೆಯನ್ನಾಗಿಯೂ ಕಾಯಿಸಬಹುದು. ಅದನ್ನು ಇಳಿಸಲು ಕೂಡ ಅಬಕಾರಿ ಇಲಾಖೆಯ ಅನುಮತಿ ಬೇಕು.